ಚೆನ್ನಪಟ್ಟಣದ ಬೀದಿಯ ಮಕ್ಕಳು

ನೆಲೆಯಿಲ್ಲದ ಮಗುವನ್ನು ಕುರಿತು ಹೇಳುವುದಕ್ಕೆ ಕನ್ನಡದಲ್ಲಿ ಮಾತುಗಳಿಗೆ ಕೊರತೆಯಿಲ್ಲ. ತಾಯಿತಂದೆಯರನ್ನು ಕಳೆದುಕೊಂಡದ್ದು ತಬ್ಬಲಿ. ಹುಟ್ಟಿದ ನಾಡಿನಿಂದ ದೂರವಾದದ್ದು ಪರದೇಶಿ. ಕೇಳುವವರಾರೂ ಇಲ್ಲದ್ದು ದಿಕ್ಕಿಲ್ಲದ್ದು. ಹಿರಿಯರ ಅಂಕೆ ತಪ್ಪಿದ್ದು ಪೋಲಿ. ಇವುಗಳಲ್ಲಿ ಪ್ರತಿಯೊಂದೂ ಒಂದೊಂದು ಬಗೆಯ ನಷ್ಟವನ್ನು ಸೂಚಿಸುತ್ತದೆ. ಆದರೆ ಚೆನ್ನೈಯ ನೇತಾಜಿ ಸುಭಾಷಚಂದ್ರ ಬೋಸ್ ರಸ್ತೆಯಲ್ಲಿ, ಅಂಗಡಿಗಳು ಬಾಗಿಲು ಹಾಕಿದ ಮೇಲೆ ಫುಟ್‌ಪಾತಿನಲ್ಲಿ ಚಾಪೆ ಬಿಚ್ಚಿ ಮಲಗುವ ಮಗುವಿಗೆ ಇವು ಯಾವುವೂ ಸರಿಯಾಗಿ ಒಪ್ಪುವುದಿಲ್ಲ. ಅದರ ಮಗ್ಗುಲಲ್ಲಿಯೇ ತಾಯಿ ಮಲಗಿರುತ್ತಾಳೆ. ಎಷ್ಟೋ ವೇಳೆ ಅಜ್ಜಿಯೂ ಇರುತ್ತಾಳೆ. ಅದು ಹುಟ್ಟಿದ್ದು ಇದೇ ನಗರದಲ್ಲಿ, ಬೆಳೆಯುತ್ತಿರುವುದು ಅದೇ ಅಂಗಡಿಯ ಮುಂದೆ. ಅದಕ್ಕೆ ಇಲ್ಲದ್ದು ಗೋಡೆ, ಬಾಗಿಲು ಮತ್ತು ವಿಳಾಸ. ಮನೆಯಿಲ್ಲದಿರುವುದನ್ನು ಸೂಚಿಸುವ 'ಅನಿಕೇತನ' ಎಂಬ ಪದಕ್ಕೆ ಕುವೆಂಪು ಅವರ ಕಾವ್ಯದಿಂದ ನಮ್ಮಲ್ಲಿ ಬಹು ಹಿರಿದಾದ ಅರ್ಥ ಬಂದುಬಿಟ್ಟಿದೆ. ಆ ಪದವನ್ನು ಈ ಮಕ್ಕಳಿಗೆ ಅನ್ವಯಿಸುವುದಕ್ಕೆ ನಾಲಗೆ ಹಿಂಜರಿಯುತ್ತದೆ.

ಇದು ಬರಿಯ ಪದವಿಚಾರವಲ್ಲ. ಯಾವ ಹೆಸರಿನಿಂದ ಕರೆಯುತ್ತೇವೆಯೋ ಆ ಹೆಸರಿಗೆ ತಕ್ಕ ಪರಿಹಾರವನ್ನೇ ಸಮಾಜ ಹುಡುಕುತ್ತದೆ. ತಬ್ಬಲಿ ಎಂದರೆ ಅನಾಥಾಲಯ, ಪೋಲಿ ಎಂದರೆ ಪೋಲೀಸ್ ಠಾಣೆ, ಪರದೇಶಿ ಎಂದರೆ ಊರಿಗೆ ಹಿಂದಕ್ಕೆ ಕಳುಹಿಸುವ ರೈಲು. ಯುನಿಸೆಫ್ ಸಂಸ್ಥೆಯವರು 1980ರ ದಶಕದಲ್ಲಿ ಈ ಮಕ್ಕಳನ್ನು ವಿಂಗಡಿಸಿ, ಹಗಲು ಬೀದಿಯಲ್ಲಿ ದುಡಿದು ರಾತ್ರಿ ಮನೆ ಸೇರುವವರನ್ನು ಒಂದು ವರ್ಗವಾಗಿಯೂ, ಮನೆಯ ಸಂಬಂಧ ಕಡಿದುಹೋಗಿ ಬೀದಿಯನ್ನೇ ಮನೆಯಾಗಿ ಮಾಡಿಕೊಂಡವರನ್ನು ಇನ್ನೊಂದು ವರ್ಗವಾಗಿಯೂ ಹೇಳಿದರು. ಕುಟುಂಬಸಮೇತ ಬೀದಿಯಲ್ಲಿರುವವರು ಮೂರನೆಯವರು. ಈಚೆಗೆ, 2017ರಲ್ಲಿ, ಮಕ್ಕಳ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಸಮಿತಿ ತನ್ನ 21ನೆಯ ಸಾಮಾನ್ಯ ಅಭಿಪ್ರಾಯದಲ್ಲಿ 'ಬೀದಿಯ ಪರಿಸ್ಥಿತಿಯಲ್ಲಿರುವ ಮಕ್ಕಳು' ಎಂಬ ಮಾತನ್ನು ಬಳಸಿದೆ. ಮಾತು ಉದ್ದವಾಯಿತಾದರೂ ದೋಷ ಮಗುವಿನಲ್ಲಿಲ್ಲ, ಪರಿಸ್ಥಿತಿಯಲ್ಲಿದೆ ಎಂಬ ವಿವೇಕ ಅದರಲ್ಲಿದೆ. ಚೆನ್ನೈಯಲ್ಲಿ ಈ ಮೂರು ಬಗೆಯವರೂ ಉಂಟು. ಜಾರ್ಜ್ ಟೌನಿನ ಸುತ್ತಮುತ್ತ ಮೂರನೆಯ ಬಗೆ ಎದ್ದುಕಾಣುವುದು ಈ ನಗರದ ವಿಶೇಷ.

ಮದರಾಸಿನಲ್ಲಿ ನಿರ್ಗತಿಕರ ಪೋಷಣೆಯ ಚರಿತ್ರೆಗೆ ಮೈಸೂರಿನ ಒಂದು ಎಳೆ ಸೇರಿಕೊಂಡಿದೆ. 1780ರಲ್ಲಿ ಹೈದರಾಲಿಯ ಸೈನ್ಯ ಕರ್ನಾಟಕದ ಬಯಲಿಗೆ, ಎಂದರೆ ಆರ್ಕಾಟಿನ ಸೀಮೆಗೆ, ಇಳಿದಾಗ ಹಳ್ಳಿಗಳ ಜನ ಕೋಟೆಯ ಆಸರೆಗೆ ಓಡಿಬಂದರು. ಹಿಂದೆಯೇ ಕ್ಷಾಮ ಬಂತು. 1782ರಲ್ಲಿ ನಗರದ ಉತ್ತರಕ್ಕೆ ಗಂಜಿಯ ಕೇಂದ್ರವೊಂದು ಏರ್ಪಟ್ಟಿತು. ಅದೇ ಮುಂದೆ ಮಣೇಗಾರ್ ಛತ್ರವೆಂದು ಹೆಸರಾಯಿತು. ಮಣೇಗಾರ ಎಂಬ ಶಬ್ದ ತಮಿಳಿನ ಮಣಿಯಕಾರನೇ; ಊರಿನ ಮೇಲ್ವಿಚಾರಕನೆಂಬ ಅರ್ಥದಲ್ಲಿ ಕನ್ನಡಿಗರಿಗೂ ಪರಿಚಿತವಾದದ್ದು. ಈ ಛತ್ರದ ಆಶ್ರಯದಲ್ಲಿ ಬೆಳೆದ ಚಿಕಿತ್ಸಾಲಯವೇ ಇಂದಿನ ಸ್ಟಾನ್ಲಿ ಆಸ್ಪತ್ರೆಯ ಮೂಲ.

ಏಳು ವರ್ಷಗಳ ತರುವಾಯ, 1789ರಲ್ಲಿ, ಎಗ್ಮೋರಿನಲ್ಲಿ ಸೈನಿಕರ ಗಂಡುಮಕ್ಕಳಿಗಾಗಿ ಒಂದು ಅನಾಥಾಲಯ ತೆರೆಯಿತು. ಅದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ನಮ್ಮ ಕೂಲಿಮಠಗಳಂಥ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಅದನ್ನು ತನ್ನಲ್ಲಿಯೂ ತಂದನು. ಅಧ್ಯಾಪಕರು ಒಪ್ಪದೆ ಹೋದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಕಿರಿಯರಿಗೆ ಉಪಾಧ್ಯಾಯನನ್ನಾಗಿ ಮಾಡಿದನು. 1797ರಲ್ಲಿ ಅವನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ ವರದಿಯಿಂದ ಇದು 'ಮದರಾಸು ಪದ್ಧತಿ' ಎಂದು ಪ್ರಸಿದ್ಧವಾಗಿ ಆ ದೇಶದ ಸಾವಿರಾರು ಬಡಮಕ್ಕಳ ಶಾಲೆಗಳಿಗೆ ಹರಡಿತು. ಮದರಾಸಿನ ಅನಾಥ ಮಕ್ಕಳಿಂದ ಲೋಕ ಕಲಿತದ್ದು ಅಲ್ಪವಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು: ಎಗ್ಮೋರಿನ ಆ ಮಕ್ಕಳು ಐರೋಪ್ಯ ತಂದೆಯರಿಗೆ ಹುಟ್ಟಿದವರು. ಅವರಿಗೆ ಶಾಲೆ, ಕಸುಬು, ಸಮವಸ್ತ್ರ. ಮಿಕ್ಕವರಿಗೆ ಛತ್ರದ ಗಂಜಿ. ಹಳ್ಳಿಗಾಡಿನಿಂದ ಗುಂಪುಗುಂಪಾಗಿ ಜನ ನಗರಕ್ಕೆ ನುಗ್ಗಿದ 1876-78ರ ಮಹಾಕ್ಷಾಮದಲ್ಲಿಯೂ ಸ್ಥಿತಿ ಹೆಚ್ಚು ಬೇರೆಯಾಗಿರಲಿಲ್ಲ.

ಕಾಯಿದೆಯ ವಿಷಯದಲ್ಲಿ ಮದರಾಸು ಪ್ರಾಂತ ಮುಂದಾಳಾಗಿತ್ತೆಂಬುದನ್ನು ಒಪ್ಪಲೇಬೇಕು. ಭಾರತದಲ್ಲಿ ಮಕ್ಕಳಿಗಾಗಿ ಪ್ರತ್ಯೇಕವಾದ ಸಮಗ್ರ ಶಾಸನವನ್ನು ಮೊದಲು ಮಾಡಿದ್ದು 1920ರ ಮದರಾಸು ಮಕ್ಕಳ ಕಾಯಿದೆ. ಬಂಗಾಳ 1922ರಲ್ಲಿಯೂ ಮುಂಬಯಿ 1924ರಲ್ಲಿಯೂ ಅದನ್ನು ಅನುಸರಿಸಿದುವು. ಸೆರೆಮನೆಯಲ್ಲಿ ವಯಸ್ಕರೊಡನೆ ಮಗುವನ್ನು ಇಡಬಾರದೆಂಬುದು ಅದರ ಮುಖ್ಯ ಪ್ರಯೋಜನ. ಆದರೆ ಜೇಬುಕತ್ತರಿಸಿ ಸಿಕ್ಕಿಬಿದ್ದ ಹುಡುಗನೂ ಗತಿಯಿಲ್ಲದೆ ಅಲೆಯುತ್ತಿದ್ದ ಹುಡುಗನೂ ಒಂದೇ ನ್ಯಾಯಾಲಯದ ಮುಂದೆ ನಿಲ್ಲಬೇಕಾಗಿತ್ತು. ಬಡತನ ಹಾಗೂ ಅಪರಾಧ ಇವೆರಡರ ನಡುವಣ ಗೆರೆ 1986ರ ಬಾಲನ್ಯಾಯ ಕಾಯಿದೆಯಲ್ಲಿ ದೇಶಕ್ಕೆಲ್ಲ ಅನ್ವಯವಾಗುವಂತೆ ಸ್ಪಷ್ಟವಾಯಿತು. 2000ದ ಕಾಯಿದೆ 'ಆರೈಕೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು' ಎಂಬ ಹೆಸರನ್ನೂ, ಅಂಥ ಮಕ್ಕಳ ವಿಷಯ ತೀರ್ಮಾನಿಸಲು ಮಕ್ಕಳ ಕಲ್ಯಾಣ ಸಮಿತಿಯನ್ನೂ ಕೊಟ್ಟಿತು. ಈಗ ನಡೆಯುತ್ತಿರುವುದು 2015ರ ಕಾಯಿದೆ. ಇದರ ಪ್ರಕಾರ 18 ವರ್ಷ ತುಂಬದ ಯಾರೇ ಆಗಲಿ ಮಗುವೇ. ಸಿಕ್ಕ ಮಗುವನ್ನು ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಸಮಿತಿಯ ಮುಂದೆ ತರಬೇಕು. ಇಷ್ಟಾದರೂ ಭಿಕ್ಷಾಟನೆಯನ್ನು ತಡೆಯುವ 1945ರ ಮದರಾಸು ಕಾಯಿದೆಯ ನೆರಳು ಫುಟ್‌ಪಾತಿನ ಕುಟುಂಬಗಳ ಮೇಲೆ ಬಹುಕಾಲ ಬಿದ್ದಿತ್ತು. ಕಾನೂನು ಮಗುವನ್ನು ಅಪರಾಧಿಯಲ್ಲವೆಂದರೂ, ಅದರ ತಾಯಿಯನ್ನು ಹಾಗೆನ್ನಲು ಸಿದ್ಧವಾಗಿರಲಿಲ್ಲ.

ಇನ್ನು ಫುಟ್‌ಪಾತಿನ ಬದುಕನ್ನು ನೋಡೋಣ. ಪ್ಯಾರಿಸ್ ಕಾರ್ನರ್, ಬ್ರಾಡ್‌ವೇ, ವಾಲ್‌ಟ್ಯಾಕ್ಸ್ ರಸ್ತೆ, ಸೌಕಾರ್‌ಪೇಟೆ, ಇವು ನಗರದ ಸಗಟು ವ್ಯಾಪಾರದ ಹೃದಯ. ಮೂಟೆ ಇಳಿಸುವುದು, ಹೂ ಕಟ್ಟುವುದು, ರಟ್ಟು ಕಾಗದಗಳನ್ನು ಆಯುವುದು, ಕೈಗಾಡಿ ತಳ್ಳುವುದು ಮೊದಲಾದ ಕೆಲಸಗಳು ಬೆಳಗಿನ ಜಾವದಿಂದ ದೊರೆಯುತ್ತವೆ. ಬಾಡಿಗೆ ಕೊಟ್ಟು ದೂರದಲ್ಲಿ ಮನೆ ಹಿಡಿದರೆ ಆ ಹೊತ್ತಿಗೆ ಇಲ್ಲಿ ಇರುವಂತಿಲ್ಲ. ಇಲ್ಲಿ ಬಾಡಿಗೆ ಕೊಡುವ ಶಕ್ತಿಯಿಲ್ಲ. ಆದ್ದರಿಂದ ಕೆಲಸದ ಬಾಗಿಲಲ್ಲಿಯೇ ಮಲಗುತ್ತಾರೆ. ಇದು ಸೋಮಾರಿತನದ ಫಲವೆಂದು ತಿಳಿಯುವವರು ಒಂದು ದಿನ ನಾಲ್ಕು ಗಂಟೆಗೆದ್ದು ಆ ಬೀದಿಗಳನ್ನು ನೋಡಿಬರಬೇಕು. ಫುಟ್‌ಪಾತಿನಲ್ಲಿಯೂ ಯಾವ ಅಂಗಡಿಯ ಮುಂಭಾಗ ಯಾರದೆಂಬುದು ನಿರ್ಣಯವಾಗಿರುತ್ತದೆ. ಅಂಗಡಿಯವರಿಗೂ ಕುಟುಂಬಕ್ಕೂ ನಡುವೆ ಬಾಯಿಮಾತಿನ ಒಪ್ಪಂದವಿರುತ್ತದೆ. ರಾತ್ರಿ ಇವರು ಅಲ್ಲಿರುವುದು ಅಂಗಡಿಗೂ ಒಂದು ಕಾವಲೇ.

ಹಗಲಿನಲ್ಲಿ ಆ ಮನೆ ಮಾಯವಾಗುತ್ತದೆ. ಚಾಪೆ, ಪಾತ್ರೆ, ಮಗುವಿನ ಪುಸ್ತಕದ ಚೀಲ ಎಲ್ಲವೂ ಗಂಟಾಗಿ ಗೋಡೆಯ ಮೂಲೆ ಸೇರುತ್ತವೆ. ಸಂಜೆ ಶಾಲೆಯಿಂದ ಬಂದ ಮಗುವಿಗೆ ಕುಳಿತು ಬರೆಯುವುದಕ್ಕೆ ಅಂಗಡಿ ಮುಚ್ಚುವವರೆಗೆ ಸ್ಥಳವಿಲ್ಲ. ಮುಚ್ಚಿದ ಮೇಲೆ ಬೀದಿದೀಪವೇ ದೀಪ. ಮಳೆಗಾಲದಲ್ಲಿ, ವಿಶೇಷವಾಗಿ ಈ ಕರಾವಳಿಗೆ ಈಶಾನ್ಯ ಮಾರುತ ಮಳೆ ತರುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳಲ್ಲಿ, ಪುಸ್ತಕ ಒದ್ದೆಯಾಗದಂತೆ ಉಳಿಸುವುದೇ ಒಂದು ವಿದ್ಯೆ. ಹೆಣ್ಣುಮಕ್ಕಳ ಕಷ್ಟ ಬೇರೆಯೇ. ಸ್ನಾನವನ್ನು ಜನ ಏಳುವ ಮೊದಲು ಮುಗಿಸಬೇಕು. ಶೌಚಾಲಯಕ್ಕೆ ಕಾಸು ಕೊಡಬೇಕು, ಅದು ರಾತ್ರಿ ಮುಚ್ಚಿದ್ದರೆ ಬೆಳಗಿನವರೆಗೆ ತಡೆಯಬೇಕು. ಮೈನೆರೆದ ಮಗಳಿದ್ದರೆ ತಾಯಂದಿರು ಸರದಿಯಂತೆ ಎಚ್ಚರವಿರುತ್ತಾರೆ. ಈ ಎಚ್ಚರವನ್ನು ಎಷ್ಟು ದಿನ ಕಾಯುವುದೆಂದು ಬೇಸತ್ತು ಹುಡುಗಿಗೆ ಬೇಗನೆ ಮದುವೆ ಮಾಡಿಬಿಡುವುದುಂಟು. ಬಾಲ್ಯವಿವಾಹ ನಿಷೇಧದ ಕಾಯಿದೆ 2006ರಿಂದ ಇದೆ. ಆದರೆ ತಾಯಿ ಇದನ್ನು ರಕ್ಷಣೆಯೆಂದು ಭಾವಿಸಿ ಮಾಡುತ್ತಾಳೆಂಬುದನ್ನು ಅರಿಯದೆ ಬರಿಯ ಶಿಕ್ಷೆಯಿಂದ ಇದು ನಿಲ್ಲಲಾರದು.

ಹೀಗಿರುವಾಗ ಇವರಿಗೆ ಮನೆ ಕೊಟ್ಟುಬಿಟ್ಟರೆ ಆಯಿತಲ್ಲವೇ ಎಂದು ವಾಚಕರು ಕೇಳಬಹುದು. ಸರಕಾರ ಆ ಪ್ರಯತ್ನವನ್ನೂ ಮಾಡಿದೆ. 1970ರಲ್ಲಿ ಸ್ಥಾಪಿತವಾದ ತಮಿಳುನಾಡು ಕೊಳೆಗೇರಿ ನಿರ್ಮೂಲನ ಮಂಡಲಿ, 2021ರಿಂದ ನಗರ ವಸತಿ ಅಭಿವೃದ್ಧಿ ಮಂಡಲಿಯೆಂದು ಹೆಸರಾದದ್ದು, ನಗರದ ದಕ್ಷಿಣದಂಚಿನ ಕಣ್ಣಗಿನಗರ, ಸೆಮ್ಮಂಚೇರಿ, ಪೆರುಂಬಾಕ್ಕಂಗಳಲ್ಲಿ ಸಾವಿರಾರು ಮನೆಗಳನ್ನು ಕಟ್ಟಿತು. ಆದರೆ ಜಾರ್ಜ್ ಟೌನಿನಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಮನೆ ಬಂತು, ಕೆಲಸ ಹೋಯಿತು. ಕೆಲವು ಕುಟುಂಬಗಳು ಮನೆಯನ್ನು ಬೀಗ ಹಾಕಿಯೋ ಬಾಡಿಗೆಗೆ ಬಿಟ್ಟೋ ಫುಟ್‌ಪಾತಿಗೆ ಹಿಂದಿರುಗಿದುವು. ಮಗುವಿನ ಹೆಸರು ಒಂದು ಶಾಲೆಯಲ್ಲಿ, ಮಗು ಮತ್ತೊಂದೆಡೆ. ಮುಂಬಯಿಯ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಹೇಳಿದ್ದು ಈ ಕಾರಣದಿಂದಲೇ. ಆದರೂ ನೋಟೀಸು ಕೊಟ್ಟು ಎಬ್ಬಿಸುವುದಕ್ಕೆ ಅದೇ ತೀರ್ಪು ಅಡ್ಡಿ ಮಾಡಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವವನಾದ್ದರಿಂದ ನನಗೆ ಈ ವಿಷಯದ ಮತ್ತೊಂದು ಮುಖ ಕಾಣುತ್ತದೆ. ಬೀದಿಯ ಹುಡುಗ ದುಡ್ಡನ್ನು ದುಂದು ಮಾಡುತ್ತಾನೆ, ದಿನದ ಸಂಪಾದನೆಯನ್ನು ಸಿನಿಮಾಕ್ಕೂ ತಿಂಡಿಗೂ ಹಾಕಿಬಿಡುತ್ತಾನೆ ಎಂಬ ದೂರು ಸರ್ವಸಾಮಾನ್ಯ. ಅವನ ಸ್ಥಾನದಲ್ಲಿ ನಿಂತು ಲೆಕ್ಕ ಹಾಕಿದರೆ ಇದು ತಪ್ಪಾದ ಲೆಕ್ಕವೇನಲ್ಲ. ಬೀಗ ಹಾಕುವ ಪೆಟ್ಟಿಗೆಯಿಲ್ಲ. ಜೇಬಿನಲ್ಲಿದ್ದರೆ ನಿದ್ರೆಯಲ್ಲಿ ಹೋಗುತ್ತದೆ. ದೊಡ್ಡವನೊಬ್ಬನ ಕೈಯಲ್ಲಿ ಕೊಟ್ಟರೆ ಹಿಂದಿರುಗುವ ಭರವಸೆಯಿಲ್ಲ. ನಾಳೆಗೆ ಉಳಿಯದ ಹಣವನ್ನು ಇಂದೇ ಅನುಭವಿಸುವುದು ವಿವೇಕವೇ. ವೈಟ್ನರ್, ಅಂಟು ಮೊದಲಾದುವನ್ನು ಮೂಸುವ ಕೆಟ್ಟ ಚಟಕ್ಕೂ ಇದರಲ್ಲಿ ಅರ್ಧ ಕಾರಣವುಂಟು. ಮಿಕ್ಕ ಅರ್ಧ ಹಸಿವು, ಚಳಿ ಮತ್ತು ಭಯವನ್ನು ಮರೆಯುವ ಆಸೆ. ದಿಲ್ಲಿಯ ಬಟರ್‌ಫ್ಲೈಸ್ ಎಂಬ ಸಂಸ್ಥೆ 2001ರಲ್ಲಿ ಬೀದಿಯ ಮಕ್ಕಳೇ ನಡೆಸುವ ಒಂದು ಬ್ಯಾಂಕನ್ನು ಆರಂಭಿಸಿತು. ಮ್ಯಾನೇಜರನೂ ಮಗುವೇ, ಪಾಸುಪುಸ್ತಕ ಬರೆಯುವವನೂ ಮಗುವೇ. ಜಾಗವೊಂದು ದೊರೆತೊಡನೆ ಈ ದುಂದುಗಾರರು ಉಳಿಸತೊಡಗಿದರು, ಆ ಪದ್ಧತಿ ಇತರ ದೇಶಗಳಿಗೂ ಹರಡಿತು.

ನಮ್ಮ ಸಾಮಾನ್ಯ ಬ್ಯಾಂಕುಗಳ ಬಾಗಿಲೂ ಮುಚ್ಚಿಲ್ಲ. ರಿಸರ್ವ್ ಬ್ಯಾಂಕು 2014ರಲ್ಲಿ, ಹತ್ತು ವರ್ಷ ದಾಟಿದ ಮಗು ತಾನೇ ಉಳಿತಾಯದ ಖಾತೆ ತೆರೆದು ನಡೆಸಬಹುದೆಂದು ಅನುಮತಿಸಿತು. 2025ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಹೇಳಿತು. ದಾಖಲೆಗಳಿಲ್ಲದವರಿಗಾಗಿ, ಅಧಿಕಾರಿಯ ಸಮಕ್ಷದಲ್ಲಿ ಭಾವಚಿತ್ರದ ಮೇಲೆ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿ ತೆರೆಯಬಹುದಾದ 'ಸಣ್ಣ ಖಾತೆ'ಯೂ ಉಂಟು. ಆದರೆ ಮಗುವಿನ ಖಾತೆಗೆ ಜನ್ಮದಿನಾಂಕ ಬೇಕು, ಜನ್ಮದಿನಾಂಕಕ್ಕೆ ಪತ್ರ ಬೇಕು, ಕಾಗದಪತ್ರ ಕಳುಹಿಸುವುದಕ್ಕೆ ವಿಳಾಸ ಬೇಕು. ಕೌಂಟರಿನ ಹಿಂದೆ ಕುಳಿತವನಿಗೆ ಇವೆಲ್ಲ ಸಹಜವಾದ ಪ್ರಶ್ನೆಗಳು; ಮುಂದೆ ನಿಂತ ಮಗುವಿಗೆ ಒಂದೊಂದೂ ಒಂದೊಂದು ಗೋಡೆ. 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕಷ್ಟದಲ್ಲಿರುವ ಮಗುವನ್ನು ಕುಟುಂಬದಲ್ಲಿಯೇ ಉಳಿಸಿ ಬೆಳೆಸುವುದಕ್ಕೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜನೆಯಿದೆ. ಫುಟ್‌ಪಾತಿನ ಮಗುವಿಗೆ ಇದಕ್ಕಿಂತ ತಕ್ಕ ಯೋಜನೆ ನನಗೆ ಕಾಣದು. ಅದು ಸಂದಾಯವಾಗುವುದು ಖಾತೆಗೆ. ಖಾತೆಯ ಪ್ರಶ್ನೆ ಮತ್ತೆ ಕಾಗದಪತ್ರಗಳಿಗೇ ಬಂದು ನಿಲ್ಲುತ್ತದೆ.

ಶಾಲೆಯ ವಿಷಯದಲ್ಲಿ ಕಾನೂನು ಹೆಚ್ಚು ಉದಾರವಾಗಿದೆ. ವಯಸ್ಸಿನ ಪತ್ರವಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆ ವಿಧಿಸಿದೆ. ಮದರಾಸು ನಗರಸಭೆ 1920ರಲ್ಲಿಯೇ, ಪಿ. ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ, ಥೌಸಂಡ್ ಲೈಟ್ಸ್ ಭಾಗದ ಶಾಲೆಯಲ್ಲಿ ಮಕ್ಕಳಿಗೆ ಊಟ ಹಾಕಿತ್ತು. 1956ರಲ್ಲಿ ಕಾಮರಾಜರೂ 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರೂ ಅದನ್ನು ಬೆಳೆಸಿದರು. 2022ರ ಸೆಪ್ಟೆಂಬರಿನಿಂದ ಬೆಳಗಿನ ಉಪಾಹಾರವೂ ಸೇರಿದೆ. ಶಾಲೆಯ ಅನ್ನ ಬೀದಿಯ ಮಗುವನ್ನು ಶಾಲೆಗೆ ಎಳೆದು ತಂದಷ್ಟು ಯಾವ ಉಪದೇಶವೂ ತಂದಿಲ್ಲ.

ಗುರುತಿನ ಪತ್ರದ ಪ್ರಶ್ನೆ ಜನರ ಕಣ್ಣಿಗೆ ಬಿದ್ದದ್ದು ವಿಚಿತ್ರವಾದ ಬಗೆಯಲ್ಲಿ, ಕ್ರಿಕೆಟ್ಟಿನ ಮೂಲಕ. ಬೀದಿಯ ಮಕ್ಕಳಿಗಾಗಿಯೇ 2019ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವಕಪ್ಪನ್ನು ದಕ್ಷಿಣ ಭಾರತದ ತಂಡ ಗೆದ್ದಿತು. ತೊಂಡೆಯಾರ್‌ಪೇಟೆಯ ಕರುಣಾಲಯ ಸಂಸ್ಥೆಯ ಆಶ್ರಯದ ಚೆನ್ನೈ ಮಕ್ಕಳು ಆ ತಂಡದಲ್ಲಿದ್ದರು. ಪಾಸ್‌ಪೋರ್ಟು ಬೇಕಾದಾಗಲೇ, ಮನೆಯಿಲ್ಲದ ಮಗುವಿಗೆ ತಾನು ಇಂಥ ದೇಶದವನೆಂದು ರುಜುಪಡಿಸುವುದು ಎಷ್ಟು ಕಠಿನವೆಂಬುದು ತಿಳಿಯುವುದು. 2023ರಲ್ಲಿ ಎರಡನೆಯ ಪಂದ್ಯಾವಳಿ ಚೆನ್ನೈಯಲ್ಲಿಯೇ ನಡೆದು ಉಗಾಂಡದ ಮಕ್ಕಳು ಗೆದ್ದರು.

ಇಲ್ಲಿಯವರೆಗೆ ಹೇಳಿದ್ದು ಕುಟುಂಬವಿರುವ ಮಕ್ಕಳನ್ನು ಕುರಿತು. ಒಬ್ಬೊಬ್ಬರಾಗಿ ಬರುವ ಮಕ್ಕಳು ಬರುವುದು ರೈಲಿನಲ್ಲಿ. ಬೆಂಗಳೂರಿನಿಂದ ಸೆಂಟ್ರಲ್ ನಿಲ್ದಾಣಕ್ಕೆ ಸುಮಾರು 360 ಕಿಲೋಮೀಟರು. ಟಿಕೆಟ್ಟಿಲ್ಲದೆ ಹತ್ತಿದ ಹುಡುಗ ಮಧ್ಯಾಹ್ನದ ರೈಲಿಗೆ ಹೊರಟರೆ ರಾತ್ರಿಗೆ ಇಲ್ಲಿರುತ್ತಾನೆ. ತಂದೆಯ ಕುಡಿತ, ಮಲತಾಯಿಯ ಕಾಟ, ಉಪಾಧ್ಯಾಯರ ಹೊಡೆತ, ಪರೀಕ್ಷೆಯ ಭಯ, ಕೆಲವೊಮ್ಮೆ ಸಮುದ್ರ ನೋಡುವ ಹಂಬಲ, ಹೀಗೆ ಕಾರಣಗಳು ನಾನಾ ಬಗೆ. ರೈಲ್ವೆ ರಕ್ಷಣಾ ಪಡೆಯ 'ನನ್ಹೇ ಫರಿಶ್ತೇ' ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ವರೆಗೆ ದೇಶದಲ್ಲಿ ಕಾಪಾಡಲಾದ ಮಕ್ಕಳ ಸಂಖ್ಯೆ 84,119. ಮುಖ್ಯ ನಿಲ್ದಾಣಗಳಲ್ಲಿ ಮಕ್ಕಳ ಸಹಾಯಕೇಂದ್ರಗಳುಂಟು. 1098 ಎಂಬ ದೂರವಾಣಿಯನ್ನು 1996ರಲ್ಲಿ ಮುಂಬಯಿಯಲ್ಲಿ ಸಮಾಜಸೇವಕರು ಆರಂಭಿಸಿದರು, 2023ರಿಂದ ಅದನ್ನು ಸರಕಾರ ವಹಿಸಿಕೊಂಡಿದೆ.

ಇಂಥ ಮಗುವನ್ನು ಏನು ಮಾಡಬೇಕೆಂಬುದರಲ್ಲಿ ಅಭಿಪ್ರಾಯಭೇದವಿದೆ. ಬೀದಿಯಲ್ಲಿಯೇ ಸ್ನೇಹ ಬೆಳೆಸಿ, ನಂಬಿಕೆ ಬಂದ ಮೇಲೆ ಆಶ್ರಯಕ್ಕೆ ಕರೆತರಬೇಕೆಂಬುದು ಒಂದು ಮಾರ್ಗ. 1980ರಲ್ಲಿ ಬೆಂಗಳೂರಿನಲ್ಲಿ ಡಾನ್ ಬಾಸ್ಕೋ ಸಂಪ್ರದಾಯದವರು ಆರಂಭಿಸಿದ ಬಾಸ್ಕೋ ಈ ಮಾರ್ಗದ್ದು. ಆ ಹೆಸರನ್ನು ಅವರು ಬೆಂಗಳೂರು ಓಣಿಯವರ ಸೇವಾ ಕೂಟ ಎಂದು ಅಚ್ಚಕನ್ನಡದಲ್ಲಿ ಬಿಡಿಸಿಕೊಂಡಿರುವುದು ಸೊಗಸಾಗಿದೆ. ಚೆನ್ನೈಯ ಅನ್ಬು ಇಲ್ಲಂ ಅದೇ ಪರಂಪರೆಯ ಮನೆ. 1992ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಸಾಥಿ ಸಂಸ್ಥೆಯವರದು ಬೇರೆ ದಾರಿ. ನಿಲ್ದಾಣದಲ್ಲಿ ಇಳಿದ ಮೊದಲ ಗಂಟೆಗಳೇ ನಿರ್ಣಾಯಕ. ಬೀದಿ ರೂಢಿಯಾಗುವ ಮೊದಲೇ ಮಗುವನ್ನು ಹಿಡಿದು, ಸಮಾಧಾನ ಹೇಳಿ, ಸಾಧ್ಯವಾದಷ್ಟು ಬೇಗ ಮನೆಗೆ ಮುಟ್ಟಿಸಬೇಕೆನ್ನುತ್ತಾರೆ. ಮನೆಯಲ್ಲಿ ಹಿಂಸೆಯಿದ್ದ ಮಗುವಿಗೆ ಇದು ಅಪಾಯವೆಂಬ ಆಕ್ಷೇಪಕ್ಕೆ ಬಲವಿದೆ. ಆದರೂ ದೊಡ್ಡ ವಸತಿಗೃಹಗಳಲ್ಲಿ ವರ್ಷಗಟ್ಟಲೆ ಇಡುವುದಕ್ಕಿಂತ ಇದು ಮೇಲೆಂದು ನನಗೆ ತೋರುತ್ತದೆ. 2020ರ ಜೂನಿನಲ್ಲಿ ರಾಯಪುರದ ಸರಕಾರಿ ಮಕ್ಕಳ ಗೃಹದಲ್ಲಿ 35 ಮಕ್ಕಳಿಗೆ ಕೋವಿಡ್ ಸೋಂಕು ತಗುಲಿ, ಸರ್ವೋಚ್ಚ ನ್ಯಾಯಾಲಯ ರಾಜ್ಯದಿಂದ ವಿವರಣೆ ಕೇಳಬೇಕಾಯಿತು. ಗುಂಪಾಗಿ ಇಡುವುದರ ಅಪಾಯ ರೋಗವೊಂದರಲ್ಲಿಯೇ ಮುಗಿಯುವುದಿಲ್ಲ.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದು ಇಲ್ಲಿದೆ. ಸೆಂಟ್ರಲ್ ನಿಲ್ದಾಣದಲ್ಲಿ ಸಿಕ್ಕ ಒಂಬತ್ತು ವರ್ಷದ ಹುಡುಗ ತನ್ನ ಊರು ಹೊಸಹಳ್ಳಿ ಎಂದನೆಂದು ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ ಹೊಸಹಳ್ಳಿಯಿಲ್ಲದ ತಾಲ್ಲೂಕು ಯಾವುದು? ಜಿಲ್ಲೆ, ತಾಲ್ಲೂಕುಗಳನ್ನು ಆ ವಯಸ್ಸಿನವರು ಹೇಳಲಾರರು. ತಮಿಳು ಬಲ್ಲ ಅಧಿಕಾರಿ, ಎಷ್ಟೇ ದಯಾಳುವಾಗಿರಲಿ, ಬರೆದುಕೊಂಡು ಸುಮ್ಮನಾಗಬೇಕು. ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು, ನಿಮ್ಮೂರ ಸಂತೆ ಯಾವ ವಾರ ಮರಿ, ಸಂತೆ ಸೇರುವುದೆಲ್ಲಿ, ಜಾತ್ರೆ ಯಾವ ದೇವರದು, ಹೊಲದಲ್ಲಿ ರಾಗಿಯೋ ಜೋಳವೋ, ಮನೆಯಲ್ಲಿ ಮುದ್ದೆಯೋ ರೊಟ್ಟಿಯೋ, ಊರಿಗೆ ಬರುವ ಬಸ್ಸಿನ ಹಲಗೆಯಲ್ಲಿ ಏನು ಬರೆದಿರುತ್ತದೆ ಎಂದು ಒಂದೊಂದಾಗಿ ಕೇಳಿದರೆ, ನೂರಾರು ಹೊಸಹಳ್ಳಿಗಳು ನಾಲ್ಕೈದಕ್ಕೆ ಇಳಿಯುತ್ತವೆ. ಹುಡುಗ ಬಂದನು ಎನ್ನುತ್ತಾನೋ ಬಂದ್ನು ಎನ್ನುತ್ತಾನೋ ಬಂದಾನ ಎನ್ನುತ್ತಾನೋ ಎಂಬುದರಿಂದಲೇ ಮೈಸೂರಿನ ಕಡೆಯೋ ಧಾರವಾಡದ ಕಡೆಯೋ ತಿಳಿದುಬಿಡುತ್ತದೆ. ನಮ್ಮಲ್ಲಿ ಉಪಭಾಷೆಗಳ ಅಧ್ಯಯನ ಮಾಡಿದವರಿಗೆ ಇದಕ್ಕಿಂತ ತುರ್ತಾದ ಪ್ರಯೋಜನ ಬೇರೆ ಬೇಕೇ?

ಬಾಲನ್ಯಾಯದ 2016ರ ಮಾದರಿ ನಿಯಮಗಳಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಹಾಗೂ ಅನುವಾದಕರ ಪಟ್ಟಿಯೊಂದನ್ನು ಇಟ್ಟುಕೊಳ್ಳಬೇಕೆಂದಿದೆ. ಅವರಿಗೆ ಸಂಭಾವನೆಯೂ ಉಂಟು. ಅರ್ಹತೆಯುಳ್ಳ ಕನ್ನಡಿಗರು ಘಟಕದ ಅಧಿಕಾರಿಗೆ ಅರ್ಜಿ ಕೊಟ್ಟು ಆ ಪಟ್ಟಿಗೆ ಸೇರಬಹುದು. ಸಮಿತಿಯ ಮುಂದೆ ಮಗು ಹೇಳಿದ್ದನ್ನು ಅಲಂಕರಿಸದೆ, ತನ್ನ ಕಡೆಯಿಂದ ಬುದ್ಧಿವಾದ ಸೇರಿಸದೆ, ಇದ್ದಂತೆ ತಿಳಿಸುವುದು ದುಭಾಷಿಯ ಕೆಲಸ. ಅಲ್ಲಿ ಕೇಳಿದ್ದನ್ನು, ಮಗುವಿನ ಹೆಸರನ್ನು, ಹೊರಗೆ ಎಲ್ಲಿಯೂ ಆಡತಕ್ಕದ್ದಲ್ಲ. ಊರು ಖಚಿತವಾದ ಮೇಲೆ ಆ ಜಿಲ್ಲೆಯ ಸಮಿತಿಗೆ ಬರೆದು, ಮನೆಯ ಸ್ಥಿತಿಯನ್ನು ವಿಚಾರಿಸಿ, ಜೊತೆಗೆ ಒಬ್ಬರನ್ನು ಕೊಟ್ಟು ಮಗುವನ್ನು ಕಳುಹಿಸುತ್ತಾರೆ. ಮನೆಗೆ ಹೋಗಲಾರೆನೆಂದು ಮಗು ಹೇಳಿದರೆ ಆ ಮಾತೂ ದಾಖಲೆಗೆ ಸೇರಬೇಕು, ಅದೂ ಮಗು ಆಡಿದ ಭಾಷೆಯಿಂದಲೇ.